ಕೂಸು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ

ಈ ಅಂಕಣದಲ್ಲಿ ಮಕ್ಕಳ ವಿಷಯವನ್ನೇ ಎಷ್ಟು ಸಲ ಬರೆಯುತ್ತೀರಿ ಎಂದು ಹಿರಿಯ ಸದಸ್ಯರೊಬ್ಬರು ಸಂಘದ ವಾರ್ಷಿಕ ಸಭೆಯಲ್ಲಿ ಕೇಳಿದರು. ಮುಂದಿನ ಸಂಚಿಕೆಗೆ ಪ್ರವಾಸದ ಸಂಗತಿ ಬರೆಯುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಆ ಮಾತು ಉಳಿಯಲಿಲ್ಲ. ಆಗಸ್ಟಿನ ಒಂದು ಸಂಜೆ, ಹೊರಗೆ ಮುಂಬಯಿಯ ಮಳೆ ಧೋ ಎಂದು ಸುರಿಯುತ್ತಿರುವಾಗ, ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಸೊಸೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ನನ್ನ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಧಾರವಾಡದ ಕಡೆಯ ಹುಡುಗಿ. ಮದುವೆಯಾಗಿ ಇಲ್ಲಿಗೆ ಬಂದು ಐದು ವರ್ಷವಾಯಿತು.

“ಕಾಕೂ, ನಾವು ತಪ್ಪ ಮಾಡಿದ್ವೇನೋ ಅನಸ್ತದ. ಇಂವ ಸಾಲ್ಯಾಗ ಒಂದ ಮಾತೂ ಆಡೂದಿಲ್ಲಂತ” ಎಂದಳು. ಹೇಳುವಾಗಲೇ ಕಣ್ಣು ತುಂಬಿತು.

ಕೂಸಿಗೆ ಆಗ ಮೂರು ವರ್ಷ ಎರಡು ತಿಂಗಳು. ಮನೆಯಲ್ಲಿ ಅವನ ಬಾಯಿ ಮುಚ್ಚಿಸುವುದೇ ಕಷ್ಟ. ಲಿಫ್ಟಿನಲ್ಲಿ ಗುಂಡಿ ಒತ್ತುವ ಹಕ್ಕು ತನ್ನದೇ ಎಂದು ಜಗಳ ತೆಗೆಯುತ್ತಾನೆ. ಕಾಗೆ ಮಳೆಯಲ್ಲಿ ಕೊಡೆ ಏಕೆ ಹಿಡಿಯುವುದಿಲ್ಲ ಎಂದು ನನ್ನನ್ನೇ ಕೇಳಿದ್ದಾನೆ. ಅಂಥವನನ್ನು ಜೂನ್ ತಿಂಗಳಲ್ಲಿ ಎರಡು ಓಣಿಯಾಚೆ ಇರುವ ಚರ್ಚಿನ ಶಿಶುಶಾಲೆಗೆ ಸೇರಿಸಿದ್ದರು. ಸಿಸ್ಟರುಗಳು ನಡೆಸುವ ಶಾಲೆ. ಹತ್ತಿರ, ಸ್ವಚ್ಛ, ಅಕ್ಕಪಕ್ಕದ ಮಕ್ಕಳೆಲ್ಲ ಹೋಗುವಂಥದು. ಎಂಟು ವಾರ ಕಳೆದರೂ ಅಲ್ಲಿ ಅವನ ಬಾಯಿಂದ ಒಂದು ಶಬ್ದ ಬಂದಿಲ್ಲ. ಟೀಚರು ತಾಯಿಯನ್ನು ಕರೆಸಿ, ಮನೆಯಲ್ಲೂ ಇನ್ನು ಮುಂದೆ ಇಂಗ್ಲಿಷಿನಲ್ಲೇ ಮಾತನಾಡಿರಿ, ಕನ್ನಡ ನಿಲ್ಲಿಸಿರಿ, ಇಲ್ಲವಾದರೆ ಹುಡುಗನಿಗೆ ಗೊಂದಲವಾಗುತ್ತದೆ ಎಂದು ಹೇಳಿ ಕಳುಹಿಸಿದ್ದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಚಿಂತೆ. ಕೂಸು ದೇವರ ಕೋಣೆಯಲ್ಲಿ ಬೇರೆಯ ಧಾಟಿಯಲ್ಲಿ ಏನೋ ಗುನುಗುತ್ತ ಕೈಮುಗಿಯಿತೆಂದು ಮಾವನವರಿಗೆ ಕಸಿವಿಸಿ. ಇಷ್ಟು ಹಣ ಕಟ್ಟಿದರೂ ಇನ್ನೂ ಒಂದಕ್ಷರ ಬರೆಸಿಲ್ಲವೆಂದು ಗಂಡನ ಆಕ್ಷೇಪ. ಪಕ್ಕದ ಮನೆಯ ಹುಡುಗ ಇನ್ನೊಂದು ಶಾಲೆಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನೆಲ್ಲ ಗೀಚುತ್ತಾನಂತೆ. ತಾಯಿಯ ಚಿಂತೆ ಮಾತ್ರ ಆ ಮೌನದ್ದು. ಬಾಯಿಮಾತಿಗೆ ಸಮಾಧಾನ ಹೇಳಿ ಕಳುಹಿಸಲು ಮನಸ್ಸಾಗದೆ, ಒಂದು ದಿನ ಹೋಗಿ ನೋಡಿಬರುತ್ತೇನೆಂದೆ.

ಮುಖ್ಯಸ್ಥೆಯಾದ ಸಿಸ್ಟರು ಬೇಡವೆನ್ನಲಿಲ್ಲ. ಮೂಲೆಯಲ್ಲಿ ಕುಳಿತುಕೊಳ್ಳಿ, ಮಕ್ಕಳನ್ನು ಮಾತನಾಡಿಸಬೇಡಿ ಎಂದಷ್ಟೇ ಕೇಳಿಕೊಂಡರು. ಹಾಗೆ ಒಂದು ಬೆಳಗಿನ ಮೂರು ಗಂಟೆಗಳ ಕಾಲ ಒಂದಡಿ ಎತ್ತರದ ಕುರ್ಚಿಯ ಮೇಲೆ ನಾನು ಕುಳಿತೆ. ನನ್ನ ಮೊಣಕಾಲಿಗೆ ಅದರ ನೆನಪು ಇನ್ನೂ ಇದೆ.

ಬಾಗಿಲ ಪಕ್ಕದಲ್ಲಿ ಮಕ್ಕಳ ಕೈಗೆಟಕುವಷ್ಟು ಎತ್ತರದಲ್ಲಿ ಸಾಲಾಗಿ ಗೂಟಗಳು. ಹೆಸರು ಓದಲು ಬಾರದ ವಯಸ್ಸಾದ್ದರಿಂದ ಪ್ರತಿಯೊಂದರ ಮೇಲೂ ಒಂದು ಚಿತ್ರ: ದೋಣಿ, ಚಿಟ್ಟೆ, ಬಾಳೆಹಣ್ಣು. ನಮ್ಮ ಕೂಸಿನದು ಆಮೆ. ಅವನು ತಾನೇ ಚೀಲ ತೂಗುಹಾಕಿ, ತಾನೇ ಚಪ್ಪಲಿ ಕಳಚಿ, ಎರಡನ್ನೂ ಜೋಡಿಸಿಟ್ಟ. ಮನೆಯಲ್ಲಿ ಇದೇ ಚಪ್ಪಲಿಯನ್ನು ಅಜ್ಜ ಬಗ್ಗಿ ತೆಗೆಯುತ್ತಾರೆಂಬುದನ್ನು ನಾನು ಬಲ್ಲೆ. ಎಲ್ಲರೂ ವೃತ್ತವಾಗಿ ನಿಂತು ಕೈಜೋಡಿಸಿ ಒಂದು ಚಿಕ್ಕ ಹಾಡು ಹೇಳಿದರು. ಸೂರ್ಯ, ಹಕ್ಕಿ, ಅಪ್ಪ ಅಮ್ಮ ಇವನ್ನೆಲ್ಲ ಕೊಟ್ಟ ದೇವರಿಗೆ ವಂದನೆ ಎಂಬರ್ಥದ್ದು. ಎರಡು ನಿಮಿಷದಲ್ಲಿ ಪ್ರಾರ್ಥನೆ ಮುಗಿಯಿತು. ನಮ್ಮವನ ತುಟಿ ಅಲುಗಲಿಲ್ಲ, ಆದರೆ ಕಾಲ ಹೆಬ್ಬೆರಳು ತಾಳ ಹಾಕುತ್ತಿತ್ತು.

ಆಮೇಲೆ ಒಬ್ಬೊಬ್ಬರು ತಗ್ಗು ಕಪಾಟಿನಿಂದ ತಮಗೆ ಬೇಕಾದ ವಸ್ತುವನ್ನು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಕುಳಿತರು. ಒಬ್ಬಳು ದಾರಕ್ಕೆ ಮಣಿ ಪೋಣಿಸಿದಳು. ಒಬ್ಬ ಚೌಕಟ್ಟಿಗೆ ಹೊಲಿದ ಬಟ್ಟೆಯ ಗುಂಡಿಗಳನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡಿದ. ನಮ್ಮ ಕೂಸು ಎರಡು ಪುಟ್ಟ ಹೂಜಿಗಳಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಡೆದು ಬಂದ. ಒಂದು ಹೂಜಿಯಲ್ಲಿ ರಾಜ್ಮಾ ಕಾಳು. ಅದನ್ನು ಇನ್ನೊಂದಕ್ಕೆ ಸುರಿಯುವುದು, ಅದರಿಂದ ಇದಕ್ಕೆ ಸುರಿಯುವುದು. ಹನ್ನೊಂದು ಸಲ ಸುರಿದ. ಬೇರೆ ಕೆಲಸವಿಲ್ಲದ ನಾನು ಎಣಿಸಿದೆ. ಮೊದಲ ಮೂರು ಸಲ ಕಾಳು ಚೆಲ್ಲಿತು. ಪ್ರತಿ ಸಲವೂ ಒಂದೊಂದೇ ಕಾಳನ್ನು ಬೆರಳ ತುದಿಯಿಂದ ಆರಿಸಿ ಹೂಜಿಗೆ ಹಾಕಿದ. ಯಾರೂ ಗದರಲಿಲ್ಲ, ಯಾರೂ ಶಾಬಾಸ್ ಎನ್ನಲೂ ಇಲ್ಲ. ಹನ್ನೊಂದನೆಯ ಸಲ ಒಂದು ಕಾಳೂ ಚೆಲ್ಲದೆ ಸುರಿದು, ಹೂಜಿಯೊಳಗೆ ಇಣುಕಿ ನೋಡಿ, ತಟ್ಟೆಯನ್ನು ಒಯ್ದು ಇದ್ದಲ್ಲೇ ಇಟ್ಟುಬಂದ.

ಗಂಡನ ಆಕ್ಷೇಪಕ್ಕೆ ನನ್ನ ಉತ್ತರ ಇದೇ. ಪೆನ್ಸಿಲು ಹಿಡಿಯುವ ಮೂರು ಬೆರಳೇ ಕಾಳನ್ನೂ ಹೆಕ್ಕುವುದು. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿರುತ್ತವೆ. ಮೂರನೆಯ ವಯಸ್ಸಿನಲ್ಲಿ ಅವುಗಳಲ್ಲಿ ಹಲವು ಇನ್ನೂ ಗಟ್ಟಿಯಾಗಿರುವುದಿಲ್ಲ, ಮೆದುವೆಲುಬಾಗಿಯೇ ಇರುತ್ತವೆ. ಈ ವಯಸ್ಸಿನ ಮಗು ವೃತ್ತವನ್ನು ನೋಡಿ ವೃತ್ತ ಬರೆದರೆ, ಎಂಟೊಂಬತ್ತು ಮರದ ತುಂಡುಗಳನ್ನು ಬೀಳದಂತೆ ಒಂದರ ಮೇಲೊಂದು ಪೇರಿಸಿದರೆ, ಮೂರು ನಾಲ್ಕು ಶಬ್ದಗಳ ವಾಕ್ಯ ಆಡಿದರೆ, ಅದು ಬೆಳೆಯಬೇಕಾದ ರೀತಿಯಲ್ಲೇ ಬೆಳೆಯುತ್ತಿದೆ ಎಂದರ್ಥ. ಅಕ್ಷರ ಎಲ್ಲಿಗೂ ಓಡಿಹೋಗುವುದಿಲ್ಲ. ಪಕ್ಕದ ಮನೆಯ ಹುಡುಗ ಗೀಚುತ್ತಾನಲ್ಲ, ಅವನ ಬೆರಳು ನೋಯುತ್ತದೆಯೇ ಎಂದು ಅವನ ತಾಯಿಯನ್ನು ಕೇಳಿ ನೋಡಿ ಎಂದು ಆ ಗಂಡನಿಗೆ ಹೇಳಿದೆ. ಕೇಳಿದನೋ ಇಲ್ಲವೋ ತಿಳಿಯದು.

ಹತ್ತು ಗಂಟೆಯ ಹೊತ್ತಿಗೆ ಟೀಚರು ನೆಲದ ಮೇಲೆ ಹಸಿರು ಬಟ್ಟೆ ಹಾಸಿ ಕುಳಿತರು. ಅದರ ಮೇಲೆ ಮರದ ಚಿಕ್ಕ ಬೇಲಿ, ಬೇಲಿಗೊಂದು ಬಾಗಿಲು, ಮರದಲ್ಲಿ ಕೊರೆದ ಹತ್ತು ಕುರಿಗಳು, ಒಬ್ಬ ಕುರುಬ. ಟೀಚರು ಆಡಿದ ಮಾತು ಬಹಳ ಕಡಿಮೆ. ಕುರುಬ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಕುರಿಗಳು ಅವನ ದನಿ ಗುರುತಿಸುತ್ತವೆ. ಒಂದು ಕುರಿ ಕಾಣೆಯಾಗುತ್ತದೆ. ಅವನು ಹುಡುಕಿ ಹೊರಟು ಅದನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ. ಯೇಸು ಹೇಳಿದ ಕಥೆಗಳು ಇವು. ಒಂದೊಂದು ಮಾತಿಗೆ ಒಂದೊಂದು ಕುರಿ ನಿಧಾನವಾಗಿ ಸರಿಯುತ್ತಿತ್ತು. ಕಥೆ ಮುಗಿದ ಮೇಲೆ ನೀತಿ ಹೇಳಲಿಲ್ಲ, ಪ್ರಶ್ನೆ ಕೇಳಲಿಲ್ಲ. ಟೀಚರು ಸುಮ್ಮನೆ ಎದ್ದುಹೋದರು. ಮಕ್ಕಳೂ ಚೆದರಿದರು. ಆಗ ನಮ್ಮ ಕೂಸು, ಅದುವರೆಗೆ ದೂರದಲ್ಲೇ ಕುಳಿತಿದ್ದವನು, ಮೆಲ್ಲನೆ ಬಂದು ಮಂಡಿಯೂರಿದ. ಕುರಿಗಳನ್ನೆಲ್ಲ ಹೊರಗೆ ತಂದ. ಒಂದನ್ನು ತನ್ನ ಅಂಗಿಯ ಕೆಳಗೆ ಮುಚ್ಚಿಟ್ಟ. ಕುರುಬನನ್ನು ಹಿಡಿದು ಬಟ್ಟೆಯ ಅಂಚಿನವರೆಗೆ ನಡೆಸಿದ, ಅಂಗಿಯಡಿಯ ಕುರಿಯನ್ನು ತೆಗೆದು ಕುರುಬನ ಹೆಗಲಿಗೆ ಒರಗಿಸಿದ, ಎಲ್ಲವನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿದ. ಕಥೆಯ ಒಂದು ಭಾಗವೂ ತಪ್ಪಿರಲಿಲ್ಲ. ಇಂಗ್ಲಿಷ್ ತಿಳಿಯದೆಂದು ಯಾರ ವಿಷಯದಲ್ಲಿ ದೂರು ಬಂದಿತ್ತೋ ಆ ಹುಡುಗ ಇಂಗ್ಲಿಷಿನಲ್ಲಿ ಹೇಳಿದ ಕಥೆಯನ್ನು ಕೈಯಿಂದ ಮರಳಿ ಹೇಳಿದ್ದ. ಟೀಚರು ಆ ಹೊತ್ತಿಗೆ ಇನ್ನೊಬ್ಬಳ ಮೂಗು ಒರೆಸುತ್ತಿದ್ದರು. ಕಂಡವಳು ನಾನೊಬ್ಬಳೇ.

ಈ ಬಗೆಯ ಶಾಲೆ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಂಗ್ಲಿಷ್ ಕಲಿಸುವುದಕ್ಕಾಗಿ ಪಾದ್ರಿಗಳು ಮಾಡಿದ ಏರ್ಪಾಡು ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಅದರ ಹುಟ್ಟು ಇಂಗ್ಲಿಷಿನಲ್ಲಿಲ್ಲ. ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ವೋಜ್ ಬೆಟ್ಟಗಳ ನಡುವೆ ವಾಲ್ಡರ್ಸ್‌ಬಾಖ್ ಎಂಬ ಬಡ ಹಳ್ಳಿಗೆ 1767ರಲ್ಲಿ ಯೋಹಾನ್ ಫ್ರೆಡರಿಕ್ ಓಬರ್ಲಿನ್ ಎಂಬ ಲೂಥರನ್ ಪಾದ್ರಿ ಬಂದ. ತಂದೆತಾಯಿ ಹೊಲಕ್ಕೆ ಹೋದರೆ ಚಿಕ್ಕ ಮಕ್ಕಳನ್ನು ನೋಡುವವರಿಲ್ಲದ ಊರು. ಸಾರಾ ಬಾಂಜೆ ಎಂಬ ಹಳ್ಳಿಯ ಯುವತಿ ಆಗಲೇ ತನ್ನ ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹೆಣಿಗೆ ಕಲಿಸುತ್ತಿದ್ದಳು. ಓಬರ್ಲಿನ್ ದಂಪತಿಗಳು ಅದನ್ನೇ ಹಿಡಿದು ಊರೂರಿಗೆ ಇಂಥ ಹೆಣಿಗೆಯ ಕೋಣೆಗಳನ್ನು ಏರ್ಪಡಿಸಿದರು. ಬೆಚ್ಚಗಿನ ಕೋಣೆ, ನಡುವೆ ಒಬ್ಬ ಹೆಣ್ಣುಮಗಳು, ಸುತ್ತ ಮಕ್ಕಳು. ದೊಡ್ಡವರು ಹೆಣೆಯುತ್ತಿದ್ದರು, ತೀರ ಚಿಕ್ಕವರು ಆಡುತ್ತಿದ್ದರು, ನಡುನಡುವೆ ಹಾಡು, ಬೈಬಲಿನ ಕಥೆ, ಗಿಡಮೂಲಿಕೆಗಳ ಹೆಸರು, ಚಿತ್ರಗಳು. ಲೂಯಿಸ್ ಶೆಪ್ಲರ್ ಎಂಬವಳು ಹದಿನೈದರ ಪ್ರಾಯದಲ್ಲಿ ಪಾದ್ರಿಯ ಮನೆಗೆಲಸಕ್ಕೆ ಬಂದವಳು, ಜೀವಮಾನವೆಲ್ಲ ಈ ಮಕ್ಕಳ ನಡುವೆ ಕಳೆದಳು. ಮನೆಗೆಲಸದವಳಾದ ಅವಳಿಗೆ 1829ರಲ್ಲಿ ಫ್ರೆಂಚ್ ಅಕಾಡೆಮಿಯವರು ಸದ್ಗುಣದ ಬಹುಮಾನ ಕೊಟ್ಟರು. ಶಿಶುಶಾಲೆಯ ಇತಿಹಾಸ ಬರೆಯುವಾಗ ಪಾದ್ರಿಯ ಹೆಸರು ಮೊದಲು ಬರುತ್ತದೆ. ನನಗೆ ಕೇಳಿದರೆ ಈ ಇಬ್ಬರು ಹೆಂಗಸರ ಹೆಸರೇ ಮೊದಲು ಬರಬೇಕು.

ಜರ್ಮನಿಯ ಫ್ರೀಬೆಲ್ ಕೂಡ ಪಾದ್ರಿಯ ಮಗನೇ. ಒಂಬತ್ತು ತಿಂಗಳ ಕೂಸಾಗಿದ್ದಾಗ ತಾಯಿಯನ್ನು ಕಳೆದುಕೊಂಡ ಆ ಮನುಷ್ಯ ಮುದುಕನಾಗುವ ಹೊತ್ತಿಗೆ ಎಲ್ಲ ತಾಯಂದಿರಿಗೂ ಮಕ್ಕಳನ್ನು ಆಡಿಸುವ ಹಾಡುಗಳ ಪುಸ್ತಕ ಬರೆದ. 1837ರಲ್ಲಿ ಬ್ಲಾಂಕೆನ್‌ಬರ್ಗಿನಲ್ಲಿ ಶುರುಮಾಡಿದ ಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಮೊದಲ ಆಟಿಕೆ ಉಣ್ಣೆ ಸುತ್ತಿದ ಆರು ಬಣ್ಣದ ಚೆಂಡು, ಆಮೇಲೆ ಮರದ ಗುಂಡು, ಘನ, ಉರುಳೆ. ಎಲ್ಲದರಲ್ಲೂ ದೇವರ ಒಂದೇ ನಿಯಮವಿದೆ, ಮಗು ಅದನ್ನು ಕೈಯಿಂದ ಮುಟ್ಟಿ ಅರಿಯಬೇಕು ಎಂದು ನಂಬಿದವನು. ಅಂಥವನ ಶಾಲೆಗಳನ್ನೇ ನಾಸ್ತಿಕತೆ ಹರಡುತ್ತವೆಂದು ಪ್ರಶಿಯಾದ ಸರ್ಕಾರ 1851ರಲ್ಲಿ ಮುಚ್ಚಿಸಿತು. ಮರುವರ್ಷವೇ ಅವನು ತೀರಿಕೊಂಡ. ನಿಷೇಧ ಎದ್ದದ್ದು 1860ರಲ್ಲಿ.

ಮಾಂಟೆಸರಿಯಮ್ಮನ ಹೆಸರು ನಮ್ಮವರಿಗೆ ಚೆನ್ನಾಗಿ ಗೊತ್ತು. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಆಕೆ ಮೊದಲ ಮಕ್ಕಳ ಮನೆ ತೆರೆದರು. ಕಾಳು ಸುರಿಯುವುದು, ಗುಂಡಿ ಹಾಕುವುದು ಎಲ್ಲ ಆಕೆಯ ದಾರಿಯವು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯವರ ಕರೆಯ ಮೇಲೆ ಆಕೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರು ಮಗ ಮಾರಿಯೋನನ್ನು ಸೆರೆಯಲ್ಲಿಟ್ಟು, ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಬಿಟ್ಟುಕೊಟ್ಟರು. ಯುದ್ಧ ಮುಗಿಯುವವರೆಗೂ ಆಕೆ ನಮ್ಮ ದೇಶದಲ್ಲೇ ಉಳಿದು ನೂರಾರು ಶಿಕ್ಷಕರನ್ನು ತರಬೇತು ಮಾಡಿದರು. ಕ್ಯಾಥೊಲಿಕ್ ಭಕ್ತೆ, ಉಳಿದದ್ದು ಥಿಯಾಸಫಿಯ ಅಂಗಳದಲ್ಲಿ, ಕಲಿಸಿದ್ದು ಹಿಂದೂ ಮನೆಗಳ ಮಕ್ಕಳಿಗೆ ಹೇಳಿಕೊಡಲಿರುವವರಿಗೆ. ಯಾರಿಗೂ ಅದರಿಂದ ತೊಡಕಾಗಲಿಲ್ಲ.

ಆಕೆಯ ಮೌನದ ಆಟದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಒಂದು ದಿನ ಅಂಗಳದಲ್ಲಿ ನಿಂತಿದ್ದ ತಾಯಿಯೊಬ್ಬಳ ಕೈಯಿಂದ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ತರಗತಿಯೊಳಗೆ ಬಂದರಂತೆ. ಕೂಸು ಎಷ್ಟು ಸುಮ್ಮನಿದೆ ನೋಡಿ, ಅದರ ಉಸಿರೂ ಕೇಳಿಸುವುದಿಲ್ಲ, ನಿಮ್ಮಿಂದ ಹೀಗಿರಲಾದೀತೇ ಎಂದು ಮಕ್ಕಳನ್ನು ಕೇಳಿದರಂತೆ. ಮಕ್ಕಳು ಬಿಗಿಹಿಡಿದು ಕುಳಿತರು. ಕೋಣೆಯಲ್ಲಿ ಹಿಂದೆಂದೂ ಕೇಳಿಸದ ಸದ್ದುಗಳು ಕೇಳಿಸತೊಡಗಿದವು. ನಾನು ಹೋದ ದಿನವೂ ಹನ್ನೊಂದು ಗಂಟೆಗೆ ಈ ಆಟ ನಡೆಯಿತು. ಇಪ್ಪತ್ತು ಮಕ್ಕಳು ಕಣ್ಣು ಮುಚ್ಚಿ ಕುಳಿತರು. ಮಳೆನೀರು ತಗಡಿನ ಮೇಲೆ ತೊಟ್ಟಿಕ್ಕುವುದು ಕೇಳಿಸಿತು. ಆ ಒಂದು ಆಟದಲ್ಲಿ ನಮ್ಮ ಕೂಸು ಎಲ್ಲರಿಗೂ ಸರಿಸಮಾನನಾಗಿದ್ದ!

ಇನ್ನು ಮಾವನವರ ಕಸಿವಿಸಿ. ಅದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಮರದ ಕುರಿಗಳ ಕಥೆಯ ಬೇರು ಹುಡುಕಿದರೆ ಮತ್ತೆ ರೋಮಿಗೇ ಹೋಗಬೇಕು. ಅಲ್ಲಿ 1954ರಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ಹೀಬ್ರೂ ವಿದ್ವಾಂಸೆಯೂ, ಮಾಂಟೆಸರಿಯ ದಾರಿಯಲ್ಲಿ ನುರಿತ ಜಾನ್ನಾ ಗೊಬ್ಬಿ ಎಂಬ ಶಿಕ್ಷಕಿಯೂ ಕೂಡಿ ಚಿಕ್ಕ ಮಕ್ಕಳಿಗೆ ಧರ್ಮವನ್ನು ಹೇಗೆ ಹೇಳಬೇಕು ಎಂದು ಹುಡುಕಲು ತೊಡಗಿದರು. ವರ್ಷಾನುಗಟ್ಟಲೆ ಮಕ್ಕಳನ್ನು ನೋಡಿ ನೋಡಿ ಅವರು ಕಂಡುಕೊಂಡದ್ದು ಇದು: ಮೂರರಿಂದ ಆರು ವರ್ಷದ ಮಗುವಿಗೆ ಬೇಕಾದದ್ದು ತನ್ನನ್ನು ಹೆಸರು ಹಿಡಿದು ಕರೆಯುವ, ಕಾಯುವ ಒಬ್ಬ ಕುರುಬ. ಪಾಪಪುಣ್ಯ, ಸರಿತಪ್ಪು ಎಂಬ ನೀತಿಯ ಕಥೆಗಳು ಆರು ವರ್ಷ ಕಳೆದ ಮೇಲಿನವು. ಮಗುವಿಗೆ ಪರೀಕ್ಷೆಯಿಲ್ಲ, ಬಾಯಿಪಾಠವಿಲ್ಲ. ಕಥೆ ಹೇಳಿದ ಮೇಲೆ ದೊಡ್ಡವರು ಹಿಂದೆ ಸರಿಯಬೇಕು.

ನನಗೆ ಇದು ಒರೆಗಲ್ಲಿನಂತೆ ಕಾಣುತ್ತದೆ. ಚರ್ಚಿನ ಶಿಶುಶಾಲೆಗೆ ಕೂಸನ್ನು ಕಳುಹಿಸುವ ನಮ್ಮವರು ಪ್ರಾರ್ಥನೆ ಉಂಟೇ ಎಂದು ಕೇಳುವುದಕ್ಕಿಂತ, ಯಾವ ಕಥೆ ಹೇಳುತ್ತೀರಿ, ಹೇಳಿ ಏನು ಮಾಡುತ್ತೀರಿ ಎಂದು ಕೇಳಬೇಕು. ಕಳೆದ ಕುರಿ, ಸಾಸಿವೆಕಾಳು, ಡಿಸೆಂಬರಿನಲ್ಲಿ ಗೋದಲಿಯ ಕೂಸು, ಇವುಗಳಿಂದ ಮೂರು ವರ್ಷದ ಮಗುವಿಗೆ ಕೆಡುಕಿಲ್ಲ. ನರಕದ ಬೆಂಕಿ ತೋರಿಸಿ ಹೆದರಿಸುವ ಜಾಗವಾದರೆ, ಅಥವಾ ನಿನ್ನ ಮನೆಯ ದೇವರು ಸುಳ್ಳು ಎನ್ನುವ ಜಾಗವಾದರೆ, ಮರುದಿನವೇ ಮಗುವನ್ನು ಬಿಡಿಸಬೇಕು. ಹೆದರಿಸುವ ಮಾತು ನಮ್ಮ ಮನೆಗಳಲ್ಲೂ ಕಡಿಮೆಯಿಲ್ಲ ಎಂಬುದು ಬೇರೆ ಮಾತು. ಮಾನ್ಯತೆ ಪಡೆದ ಅಥವಾ ಸರ್ಕಾರದ ನೆರವು ಪಡೆವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕಡ್ಡಾಯವಾಗಿ ಕೂಡಿಸುವಂತಿಲ್ಲವೆಂದು ಸಂವಿಧಾನದ 28ನೆಯ ಅನುಚ್ಛೇದವೇ ಹೇಳಿದೆ. ಆದರೆ ಕಾನೂನಿಗೆ ಮುಂಚೆ ಬಾಯಿಬಿಟ್ಟು ಕೇಳುವುದು ಲೇಸು. ಮಾವನವರಿಗೆ ನಾನು ಇಷ್ಟನ್ನೂ ಹೇಳಿದೆ. “ಆತು, ನೋಡೂಣು” ಎಂದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ನಿಜವಾಗಿ ನನ್ನನ್ನು ಚುಚ್ಚಿದ್ದು ಟೀಚರು ಹೇಳಿದ ಮಾತು. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂಬ ಈ ಉಪದೇಶ ಹೊಸದಲ್ಲ. 1980ರ ಸುಮಾರಿಗೆ ನನ್ನ ದೊಡ್ಡ ಮಗ ಇಂಥದೇ ಒಂದು ಶಿಶುಶಾಲೆಗೆ ಹೋಗುತ್ತಿದ್ದಾಗ ನನಗೂ ಇದನ್ನೇ ಹೇಳಿದ್ದರು. ನಾನು ಶಿರಸಾವಹಿಸಿ ಪಾಲಿಸಿದೆ. ನನಗೆ ಬರುತ್ತಿದ್ದ ಇಂಗ್ಲಿಷ್ ಅಂಗಡಿಯ ಇಂಗ್ಲಿಷ್. ಅದರಲ್ಲಿ ಬಾ, ಉಣ್ಣು, ಮಲಗು, ಬೇಡ ಎನ್ನಬಹುದಿತ್ತು. ಕಥೆ ಹೇಳಲು ಬರುತ್ತಿರಲಿಲ್ಲ, ಮುದ್ದಿಸಲು ಬರುತ್ತಿರಲಿಲ್ಲ, ಸರಿಯಾಗಿ ಬೈಯಲೂ ಬರುತ್ತಿರಲಿಲ್ಲ. ಹೀಗೆ ಎರಡು ವರ್ಷ ಕಳೆದವು. ಮಗ ಇಂಗ್ಲಿಷಿನಲ್ಲಿ ಜಾಣನಾದ, ಒಳ್ಳೆಯ ಕೆಲಸಕ್ಕೂ ಸೇರಿದ. ನನ್ನ ತಾಯಿ ಹುಬ್ಬಳ್ಳಿಯಲ್ಲಿ ಕೊನೆಯ ದಿನಗಳಲ್ಲಿದ್ದಾಗ ಅವನನ್ನು ಕರೆದುಕೊಂಡು ಹೋಗಿದ್ದೆ. ಆಕೆ ಅವನ ಕೈ ಹಿಡಿದು ಅರ್ಧ ಗಂಟೆ ಏನೇನೋ ಹೇಳಿದಳು. ಅವನು ತಲೆಯಾಡಿಸುತ್ತ ಕುಳಿತಿದ್ದ. ಹೊರಗೆ ಬಂದು, ಅಜ್ಜಿ ಏನು ಹೇಳಿದಳು ಎಂದು ನನ್ನನ್ನು ಕೇಳಿದ.

ಅದರಿಂದಲೇ ಈ ವಿಷಯದಲ್ಲಿ ಸ್ವಲ್ಪ ಓದಿಕೊಂಡಿದ್ದೇನೆ. ಹೊಸ ಭಾಷೆಯ ನಡುವೆ ಬಂದು ಬಿದ್ದ ಚಿಕ್ಕ ಮಕ್ಕಳಲ್ಲಿ ಅನೇಕರು ಮೊದಲಿಗೆ ಮಾತು ನಿಲ್ಲಿಸುತ್ತಾರೆ. ಕೆಲವರಿಗೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು. ಬಾಯಿ ಮುಚ್ಚಿದ್ದರೂ ಕಿವಿ ತೆರೆದಿರುತ್ತದೆ. ಕೇಳಿ ಕೇಳಿ ಕೂಡಿಹಾಕಿ, ಒಂದು ದಿನ ಒಂದು ಶಬ್ದ, ಮರುದಿನ ಎರಡು. ಇದು ರೋಗವಲ್ಲ, ಗೊಂದಲವೂ ಅಲ್ಲ. ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕೇಳಿ ಬೆಳೆಯುವುದು ಮುಂಬಯಿಯ ಮಕ್ಕಳಿಗೇನು, ಗಡಿನಾಡಿನ ಮಕ್ಕಳಿಗೆಲ್ಲ ಹುಟ್ಟಿನಿಂದ ಬಂದದ್ದು. ಮನೆಯ ಭಾಷೆ ಗಟ್ಟಿಯಾಗಿದ್ದ ಮಗು ಹೊಸ ಭಾಷೆಯನ್ನು ಅದಕ್ಕೇ ಆನಿಸಿಕೊಂಡು ಹತ್ತುತ್ತದೆ. ನೀರು ಎಂದರೇನು, ಹಂಚಿಕೊಳ್ಳುವುದೆಂದರೇನು, ನಿನ್ನೆ ನಾಳೆ ಎಂದರೇನು ಎಂಬುದನ್ನು ಒಂದು ಭಾಷೆಯಲ್ಲಿ ಅರಿತವನಿಗೆ ಇನ್ನೊಂದರಲ್ಲಿ ಬೇಕಾದದ್ದು ಹೆಸರು ಮಾತ್ರ. ಆದರೆ ಮಗು ಮನೆಯಲ್ಲೂ ಮಾತನಾಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ, ಅದು ಬೇರೆ ಸಂಗತಿ. ಆಗ ಕಾಯುತ್ತ ಕೂಡದೆ ಕಿವಿಯ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಬೇಕು.

ಸರ್ಕಾರದ 2020ರ ಶಿಕ್ಷಣ ನೀತಿ ಮೂರನೆಯ ವಯಸ್ಸಿನಿಂದಲೇ ಕಲಿಕೆಯನ್ನು ಲೆಕ್ಕಕ್ಕೆ ಹಿಡಿದಿದೆ. 2022ರಲ್ಲಿ ಬಂದ ಮೂರರಿಂದ ಎಂಟು ವರ್ಷದವರ ಪಠ್ಯಕ್ರಮದ ಚೌಕಟ್ಟೂ ಆಟದ ಮೂಲಕ, ಮನೆಯ ಭಾಷೆಯ ಮೂಲಕ ಎಂದೇ ಹೇಳುತ್ತದೆ. ಕ್ರೈಸ್ತ ಶಾಲೆಯೆಂದರೆ ಇಂಗ್ಲಿಷೇ ಆಗಬೇಕೆಂಬ ಕಟ್ಟಳೆಯೂ ಎಲ್ಲಿಯೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಮಾತಿನವರು. ಕನ್ನಡಿಗರಿಗೆ ನಿಮ್ಮ ಮಾತು ಬಿಡಿ ಎನ್ನದೆ ತಾವೇ ಕನ್ನಡ ಕಲಿತರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದ. ಕಿಟ್ಟೆಲ್ಲನ ನಿಘಂಟು 1894ರಲ್ಲಿ ಅಚ್ಚಾಯಿತು. ಅದು ಇಂದಿಗೂ ನಮ್ಮ ಸಂಘದ ಕಪಾಟಿನಲ್ಲಿದೆ. ಹಾಗೆಂದು ಎಲ್ಲರನ್ನೂ ಹೊಗಳುವಂತಿಲ್ಲ. ಮೇಲೆ ಹೇಳಿದ ಓಬರ್ಲಿನ್ ಪಾದ್ರಿಯ ಹೆಣಿಗೆಯ ಕೋಣೆಗಳ ಉದ್ದೇಶಗಳಲ್ಲಿ ಒಂದು, ಹಳ್ಳಿಯ ಮಕ್ಕಳಿಗೆ ಅವರ ಆಡುನುಡಿಯ ಬದಲು ಶುದ್ಧ ಫ್ರೆಂಚ್ ಕಲಿಸುವುದು. ಮಕ್ಕಳಿಗೆ ಅದರಿಂದ ಹೊರಗಿನ ಪ್ರಪಂಚದ ಬಾಗಿಲು ತೆರೆಯಿತು, ನಿಜ. ಆ ಮಕ್ಕಳ ಅಜ್ಜಿಯರಿಗೆ ಏನನ್ನಿಸಿತೋ ಯಾರೂ ಬರೆದಿಟ್ಟಿಲ್ಲ.

ಮರುವಾರ ಕೂಸಿನ ತಾಯಿಯೂ ನಾನೂ ಸಿಸ್ಟರನ್ನು ಕಾಣಲು ಹೋದೆವು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅದರ ಅವಶ್ಯಕತೆ ಬೀಳಲಿಲ್ಲ. ಕುರಿಗಳ ಆಟವನ್ನು ಹೇಳಿದಾಗ ಸಿಸ್ಟರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ಮನೆಮಾತು ಕೊಂಕಣಿಯೆಂದೂ, ತಾವು ಮೊದಲು ಪ್ರಾರ್ಥನೆ ಕಲಿತದ್ದು ಅಜ್ಜಿಯ ಬಾಯಿಂದ ಕೊಂಕಣಿಯಲ್ಲೆಂದೂ ಹೇಳಿದರು. ಇಂಗ್ಲಿಷೇ ಮಾತನಾಡಿ ಎಂಬುದನ್ನು ಎಲ್ಲ ತಂದೆತಾಯಿಗಳಿಗೂ ರೂಢಿಯಿಂದ ಹೇಳುತ್ತ ಬಂದಿದ್ದೇವೆ, ಯೋಚಿಸಿರಲಿಲ್ಲ ಎಂದರು. ತಪ್ಪನ್ನು ಅಷ್ಟು ಸರಳವಾಗಿ ಒಪ್ಪಿಕೊಳ್ಳುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಕಡೆಗೆ ಒಂದು ಏರ್ಪಾಡಾಯಿತು. ನೀರು, ಹಸಿವು, ಸಾಕು, ಬೇಕು, ಬಾ, ಅವ್ವ ಬರ್ತಾಳ, ಇಷ್ಟನ್ನು ತಾಯಿ ನಾಗರಿ ಲಿಪಿಯಲ್ಲಿ ಒಂದು ರಟ್ಟಿನ ಮೇಲೆ ಬರೆದುಕೊಟ್ಟಳು. ಅದನ್ನು ಟೀಚರು ಆಮೆಯ ಚಿತ್ರದ ಗೂಟದ ಮೇಲೆ ಅಂಟಿಸಿದರು. ಮಕ್ಕಳನ್ನು ನೋಡಿಕೊಳ್ಳುವ ಮಾವಶಿ, ರತ್ನಾಗಿರಿಯ ಕಡೆಯಾಕೆ, ಎರಡೇ ದಿನದಲ್ಲಿ ಎಲ್ಲವನ್ನೂ ಕಲಿತು ಟೀಚರಿಗೇ ಉಚ್ಚಾರ ತಿದ್ದತೊಡಗಿದಳಂತೆ.

ಗಣೇಶನ ಹಬ್ಬದ ರಜೆ ಮುಗಿದು ಶಾಲೆ ತೆರೆದ ಮೂರನೆಯ ದಿನ ಮಾವಶಿ ಲೋಟಕ್ಕೆ ನೀರು ಹಾಕುತ್ತಿದ್ದಾಗ ಕೂಸು “ಸಾಕು” ಎಂದಿತು. ಮಾವಶಿ ತಂಬಿಗೆ ಹಿಡಿದುಕೊಂಡೇ ಸಿಸ್ಟರ ಕೋಣೆಗೆ ಓಡಿದಳು. ಅಂದಿನಿಂದ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಕಲಸಿ ಏನೋ ಆಡುತ್ತಾನೆ. ಕುರಿಗಳ ಕಥೆಯನ್ನು ಧಾರವಾಡದ ಅಜ್ಜಿಗೆ ಫೋನಿನಲ್ಲಿ ಹೇಳಿದನಂತೆ, ಕಚ್ಚಾ ಧಾರವಾಡದ ಮಾತಿನಲ್ಲಿ. ಅಜ್ಜಿಗೆ ತಿಳಿಯಲೆಂದು ಕುರುಬನಿಗೆ ಒಂದು ಕಂಬಳಿಯನ್ನೂ ತಾನೇ ಸೇರಿಸಿದ್ದಾನೆ. ಕಥೆಯಲ್ಲಿ ಮಾತ್ರ ಒಟ್ಟು ಕುರಿಗಳು ಎಷ್ಟು ಎಂಬುದು ದಿನಕ್ಕೊಂದು ಲೆಕ್ಕ.

ಈಗ ಇನ್ನೊಂದು ತೊಡಕು ಬಂದಿದೆ. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ತಾಯಂದಿರು ಬಂದು ತಮ್ಮ ತಮ್ಮ ಮನೆಮಾತಿನ ಹಾಡೊಂದನ್ನು ಎಲ್ಲ ಮಕ್ಕಳಿಗೂ ಹೇಳಿಕೊಡಬೇಕೆಂದು ಸಿಸ್ಟರು ಕೇಳಿದ್ದಾರೆ. ತಮಿಳು, ಮಲಯಾಳ, ಗುಜರಾತಿಯವರು ಆಗಲೇ ಹೆಸರು ಕೊಟ್ಟಿದ್ದಾರೆ. ನಮ್ಮವಳಿಗೆ ಪಂಜೆಯವರದೋ ರಾಜರತ್ನಂ ಅವರದೋ ಎಂದು ತೀರ್ಮಾನವಾಗುತ್ತಿಲ್ಲ. ಚಿಕ್ಕದಾಗಿರಬೇಕು, ಕೈಯಾಡಿಸಿ ಕುಣಿಯುವಂತಿರಬೇಕು, ಕನ್ನಡ ಬಾರದ ಮಕ್ಕಳೂ ಎರಡನೆಯ ಸಲಕ್ಕೆ ದನಿಗೂಡಿಸುವಂತಿರಬೇಕು. ನಮ್ಮ ಓದುಗ ಸೋದರಿಯರಲ್ಲಿ ಯಾರಾದರೂ ಮೂರು ವರ್ಷದವರ ನಡುವೆ ಹಾಡಿ ನೋಡಿದ ಹಾಡು ಇದ್ದರೆ ಸಂಘದ ವಿಳಾಸಕ್ಕೆ ಬೇಗ ಬರೆಯಿರಿ.